ಬಾಲ ಎತ್ತಿದ ಸಾಕ್ಷಿ

ಮನೆಯ ಕೆಳಗೆ ದಿಮ್ಮಿಗಳನ್ನು ತೂರಿಸಿ ಆಗಿತ್ತು. ಕಿಟಕಿಯ ಗಾಜು, ಒಲೆಯ ಕೊಳವೆ, ಗೋಡೆಯ ಮೇಲಿನ ಮಾತೆ ಮರಿಯಳ ಪಟ ಎಲ್ಲವನ್ನೂ ಬಿಚ್ಚಿ ದೋಣಿಗೆ ಹಾಕಿ ಆಗಿತ್ತು. ಊರಿನ ಎತ್ತುಗಳೆಲ್ಲ ನೊಗ ಹೊತ್ತು ಸಾಲಾಗಿ ನಿಂತು, ಮನೆ ಎಳೆಯುವುದೇನು ತಮಗೆ ಹೊಸದೇ ಎನ್ನುವಂತೆ ಮೆಲುಕು ಹಾಕುತ್ತಿದ್ದವು. ಹಗ್ಗ ಬಿಗಿಯಾಯಿತು. ಎತ್ತುಗಳ ಮೇಸ್ತ್ರಿ ನೊಲ್ಬೆರ್ತೊ ಕೋಲು ಮೇಲೆತ್ತಿ "ಹೋ" ಎನ್ನಲು ಬಾಯಿ ತೆರೆದ.

ಅಷ್ಟರಲ್ಲಿ ಗೋಡೆಯ ಹತ್ತಿರ ಒಂದು ಹಕ್ಕಿ ಹಾಡಿತು.

ಎಂಥ ಹಾಡು ಅಂತೀರಿ! ತುಂಬಿದ ಕೊಡವನ್ನು ಯಾರೋ ಮೆಟ್ಟಿಲ ಮೇಲಿಂದ ಉರುಳಿಸಿದ ಹಾಗೆ ಗುಳಗುಳ ಗುಳಗುಳ ಎಂದು ಸುರಿದು, ಕೊನೆಗೆ ಒಂದು ಸಣ್ಣ ತಿರುವು ತೆಗೆದುಕೊಂಡು ಥಟ್ಟನೆ ನಿಂತಿತು. ನೊಲ್ಬೆರ್ತೊನ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಹಗ್ಗ ಹಿಡಿದವರೆಲ್ಲ ಹಗ್ಗ ಬಿಟ್ಟರು.

"ಚೆರ್ಕಾನ್!" ಎಂದಳು ದೊಮಿತಿಲಾ ಅಜ್ಜಿ, ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತ. "ಈ ಮನೇಲಿ ಚೆರ್ಕಾನ್ ಗೂಡಿದೆ. ಇನ್ನು ಇದನ್ನ ಅಲ್ಲಾಡಿಸೋ ಹಾಗಿಲ್ಲ."

ಮನೆಯೊಡೆಯ ರೊಸಾಮೆಲ್‌ಗೆ ಮನೆಯ ಬದಲು ತನ್ನ ಕಾಲೇ ದಿಮ್ಮಿಯ ಮೇಲೆ ಉರುಳಿದಂತಾಯಿತು.

ಚಿಲೊಯೆ ದ್ವೀಪದ ಆ ಮೂಲೆಯಲ್ಲಿ ಜನ ಮನೆ ಬಿಟ್ಟು ಹೋಗುವುದಿಲ್ಲ, ಮನೆಯನ್ನೇ ಕರೆದುಕೊಂಡು ಹೋಗುತ್ತಾರೆ. ಮರದ ಮನೆ; ಊರೆಲ್ಲ ಸೇರಿ ಎಳೆದರೆ ಗುಡ್ಡ ಇಳಿಯುತ್ತದೆ, ಉಬ್ಬರದ ನೀರಿನಲ್ಲಿ ತೇಲುತ್ತದೆ, ಆಚೆ ದಡದಲ್ಲಿ ಹತ್ತಿ ಕೂರುತ್ತದೆ. ಇದಕ್ಕೆ ಮಿಂಗಾ ಎನ್ನುತ್ತಾರೆ. ಕೂಲಿಯ ಮಾತಿಲ್ಲ. ಎಳೆದವರಿಗೆ ಹೊಟ್ಟೆ ತುಂಬ ಊಟ ಹಾಕಬೇಕು. ನಾಳೆ ಅವರು ಕರೆದಾಗ ಹೋಗಿ ಎಳೆಯಬೇಕು. ಕರೆದಾಗ ಹೋಗದವನ ಹೆಣ ಹೊರಲೂ ಯಾರೂ ಬರುವುದಿಲ್ಲ.

ಚೆರ್ಕಾನ್ ಮಾತು ಬೇರೆ. ದನದ ಕೊಟ್ಟಿಗೆಯಲ್ಲಿ ಬಾಲ ಯೇಸು ಅಳುತ್ತಿದ್ದಾಗ ದೊಡ್ಡ ದೊಡ್ಡ ಹಕ್ಕಿಗಳೆಲ್ಲ ರೆಕ್ಕೆಯಲ್ಲಿ ತಲೆ ಹುದುಗಿಸಿ ಮಲಗಿದ್ದವಂತೆ. ಗೋಡೆಯ ಸಂದಿಯಲ್ಲಿದ್ದ ಈ ಪುಟ್ಟದು ಮಾತ್ರ ಎದ್ದು ಬೆಳಗಿನ ತನಕ ಜೋಗುಳ ಹಾಡಿತಂತೆ. ಮಾತೆ ಮರಿಯ ಮೆಚ್ಚಿ, "ನೀನು ಗೂಡು ಕಟ್ಟಿದ ಮನೆ ಎಂದೂ ಕದಲದಿರಲಿ, ವರ್ಷ ವರ್ಷವೂ ನಿನ್ನ ಬಾಗಿಲು ನಿನಗೆ ಸಿಗಲಿ" ಎಂದಳಂತೆ. ಅಂದಿನಿಂದ ಆ ಊರಿನಲ್ಲಿ ಚೆರ್ಕಾನ್ ಹಿಡಿದ ಮನೆಯನ್ನು ಯಾರೂ ಕದಲಿಸಿದ್ದಿಲ್ಲ. ಸಮುದ್ರ ಬಾಗಿಲಿಗೆ ಬಂದರೂ ಮನೆಯವರು ಮೇಜು ಕುರ್ಚಿ ಅಟ್ಟಕ್ಕೇರಿಸಿ ಜಪಮಾಲೆ ಹಿಡಿದು ಕೂತದ್ದುಂಟು.

ರೊಸಾಮೆಲ್ ದೈವಭಕ್ತನೇ. ಆದರೆ ಅವನಿಗೆ ಆ ದಿನ ಹೊರಡಲೇಬೇಕಿತ್ತು. ಅದಕ್ಕೆ ಕಾರಣ ಅವನ ಅತ್ತಿಗೆ ಉಬೆರ್ಲಿಂದಾ.

ಅಣ್ಣ ತಮ್ಮ ಇಬ್ಬರೂ ಅಕ್ಕಪಕ್ಕ ಮನೆ ಕಟ್ಟಿ, ನಡುವೆ ಒಂದು ಸೌದೆ ಕೊಟ್ಟಿಗೆಯನ್ನು ಎರಡೂ ಗೋಡೆಗೆ ಆನಿಸಿ ಮಾಡಿದ್ದರು. ಅಣ್ಣ ದೇವರ ಪಾದ ಸೇರಿದ. ಅತ್ತಿಗೆ ಉಳಿದಳು, ಅತ್ತಿಗೆಯ ಕಿವಿ ಉಳಿಯಿತು. ರೊಸಾಮೆಲ್ ಈಚೆ ಸೀನಿದರೆ ಗೋಡೆಯಾಚೆಯಿಂದ "ದೇವರು ಕಾಪಾಡಲಿ, ಟೋಪಿ ಹಾಕ್ಕೋ" ಎಂದು ಕೇಳುತ್ತಿತ್ತು. ಈಚೆ ಮೀನು ಹುರಿದರೆ "ಉಪ್ಪು ಜಾಸ್ತಿಯಾಯ್ತು" ಎನ್ನುವಳು. ವಾಸನೆಯಲ್ಲೇ ಉಪ್ಪು ಅಳೆಯುವ ಮೂಗು! ಇದನ್ನೆಲ್ಲ ಅವನು ಸಹಿಸಿಯಾನು. ಸಹಿಸಲಾಗದ್ದು ಅಕಾರ್ಡಿಯನ್ ವಿಷಯ. ಮದುವೆಯಿಲ್ಲ, ಮಕ್ಕಳಿಲ್ಲ, ಅವನಿಗಿದ್ದದ್ದು ಒಂದು ಹಳೆಯ ಅಕಾರ್ಡಿಯನ್, ವಾಲ್ಟ್ಸ್ ಎಂಬ ಒಂದು ಕುಣಿತದ ರಾಗ. ಆ ವಾಲ್ಟ್ಸನ್ನು ಒಂದು ಸಲ, ಬದುಕಿನಲ್ಲಿ ಒಂದೇ ಒಂದು ಸಲ, ಮೊದಲಿಂದ ಕೊನೆಯವರೆಗೆ ಬಾರಿಸಿ ಮುಗಿಸಬೇಕೆಂಬುದು ಅವನ ಆಸೆ. ಆದರೆ ಪ್ರತಿ ಸಲವೂ ಅರ್ಧಕ್ಕೆ ಬರುತ್ತಿದ್ದಂತೆ ಗೋಡೆಯ ಮೇಲೆ ಪೊರಕೆ ಹಿಡಿ 'ಟಕ್ ಟಕ್' ಎನ್ನುತ್ತಿತ್ತು.

"ತಪ್ಪು! ಮೊದಲಿಂದ ಬಾರ್ಸು!"

ಹಾಗಾಗಿ, ಅಪ್ಪ ಇಬ್ಬರು ಮಕ್ಕಳಿಗೂ ಹಂಚಿಕೊಟ್ಟು ಹೋದ ಆಚೆ ದಡದ ಗುಡ್ಡದಲ್ಲಿ ತನ್ನ ಪಾಲಿನ ಜಾಗಕ್ಕೆ ಮನೆ ಸಾಗಿಸುವೆನೆಂದು ಅವನು ಊರನ್ನು ಕರೆದಿದ್ದ. ನಡುವೆ ಇಡೀ ಕೊಲ್ಲಿಯ ನೀರು. ಯಾವ ಪೊರಕೆಯೂ ಅಲ್ಲಿಯವರೆಗೆ ಮುಟ್ಟದು.

ಈಗ ನೋಡಿದರೆ ಈ ಹಕ್ಕಿ.

"ಚೆರ್ಕಾನ್ ಅಲ್ಲ ಅಜ್ಜಿ, ರಾಯದೀತೊ ಅದು," ಎಂದ ರೊಸಾಮೆಲ್, ಬಾಯಿಗೆ ಬಂದ ಇನ್ನೊಂದು ಹಕ್ಕಿಯ ಹೆಸರು ಹಿಡಿದು. ರಾಯದೀತೊ ಕೂಡ ಅಷ್ಟೇ ಪುಟ್ಟದು, ಅದೂ ಸಂದಿಯಲ್ಲೇ ಗೂಡು ಕಟ್ಟುವುದು. ಆದರೆ ಅದಕ್ಕೆ ಮಾತೆ ಮರಿಯ ಏನೂ ಮಾತು ಕೊಟ್ಟಿರಲಿಲ್ಲ.

"ಏನಂದೆ?" ಉಬೆರ್ಲಿಂದಾ ತನ್ನ ಕಿಟಕಿಯಿಂದ ಅರ್ಧ ಮೈ ಹೊರಹಾಕಿದಳು. "ರಾಯದೀತೊ ಹೀಗೆ ಹಾಡುತ್ತೇನೋ? ಅದಕ್ಕೆ ಹಾಡೇ ಬರಲ್ಲ. ಟ್ರ್ರ್ರ್ ಅಂತ ಮರ ಕೊಯ್ದ ಹಾಗೆ ಕೂಗುತ್ತೆ, ನಿನ್ನ ಅಕಾರ್ಡಿಯನ್ ಥರ."

ಜನ ನಕ್ಕರು. ಒಂದು ಎತ್ತು ಕೂಡ ತಲೆ ಕುಣಿಸಿತು.

ಎಲ್ಲರೂ ಹಾಡು ಬಂದ ಸೌದೆ ಕೊಟ್ಟಿಗೆಯ ಸುತ್ತ ಮುತ್ತಿಕೊಂಡರು. ಅಷ್ಟು ಜನ ತನ್ನ ಬಾಗಿಲಿಗೆ ಬಂದದ್ದು ಕಂಡು ತೊಲೆಯ ತೂತಿನಿಂದ ಹಕ್ಕಿ ಬೈಯಲು ಶುರುಮಾಡಿತು: "ಚರ್ರ್ ಚರ್ರ್ ಚರ್ರ್."

"ಕೇಳಿದ್ರಾ? ಟ್ರ್ರ್ರ್ ಅಂತು!" ಎಂದು ರೊಸಾಮೆಲ್ ಕುಣಿದ. "ರಾಯದೀತೊ!"

"ಟ್ರ್ರ್ ಅಲ್ಲ ಕಣೋ, ಚರ್ರ್ ಅಂತು," ಎಂದಳು ಅಜ್ಜಿ. "ಅದು ಹಾಡಲ್ಲ, ಬೈಗುಳ. ನಿನ್ನ ಮನೆ ಬಾಗಿಲಿಗೆ ಊರು ಬಂದು ನಿಂತ್ರೆ ನೀನೂ ಬೈತೀಯ."

"ನಾನು ಊಟ ಹಾಕ್ತಿದೀನಲ್ಲ ಅಜ್ಜಿ!"

ಊಟದ ಮಾತು ಬಂದೊಡನೆ ನೊಲ್ಬೆರ್ತೊನ ಮುಖ ಗಂಭೀರವಾಯಿತು. ಆಚೆ ದಡದ ಗುಂಡಿಯಲ್ಲಿ, ಕಾಯಿಸಿದ ಕಲ್ಲಿನ ಮೇಲೆ ಚಿಪ್ಪುಮೀನು, ಹಂದಿಮಾಂಸ, ಆಲೂಗಡ್ಡೆ ಎಲ್ಲ ದೊಡ್ಡ ಎಲೆಗಳಡಿ ಬೇಯುತ್ತಿದ್ದವು. ಮನೆ ಹೋಗದಿದ್ದರೆ ಊಟವೂ ಇಲ್ಲ.

"ದೋನ್ ಎರಾಸ್ಮೊ, ನೀವೇ ಏನಾದ್ರೂ ಹೇಳಿ," ಎಂದ ಅವನು. "ಇಳಿತ ಶುರುವಾದ್ರೆ ಮನೆ ಕೆಸರಲ್ಲಿ ಕೂತ್ಕೊಳ್ಳುತ್ತೆ, ನಾವು ಉಪವಾಸ ಕೂತ್ಕೋತೀವಿ."

ದೋನ್ ಎರಾಸ್ಮೊ ಊರ ಚರ್ಚಿನ ಹಿರಿಯ. ಪಾದ್ರಿಗಳು ವರ್ಷಕ್ಕೊಮ್ಮೆ ದೋಣಿಯಲ್ಲಿ ಬಂದು ಹೋದ ಮೇಲೆ ಉಳಿದ ದಿನಗಳಿಗೆಲ್ಲ ಪ್ರಾರ್ಥನೆ, ಪಂಚಾಯಿತಿ, ಪಾಪ ಪುಣ್ಯ ಎಲ್ಲ ಅವರದೇ. ಕಣ್ಣಿಗೆ ಪೊರೆ ಬಂದಿತ್ತು. ಮನುಷ್ಯರನ್ನು ಹೆಜ್ಜೆ ಸಪ್ಪಳದಿಂದ ಗುರುತು ಹಿಡಿಯುತ್ತಿದ್ದರು. ಮಿಂಗಾಕ್ಕೆಂದು ತಂದಿದ್ದ ಸಂತ ಅಂತೋಣಿಯ ಮರದ ಪುಟ್ಟ ಪ್ರತಿಮೆಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಶಾಂತವಾಗಿ ಕೇಳಿದರು: "ಹಕ್ಕಿ ನೋಡೋಕೆ ಹೇಗಿದೆ?"

ಅಷ್ಟು ಕೇಳಿದ್ದೇ ತಪ್ಪಾಯಿತು. ಹಕ್ಕಿ ಒಮ್ಮೆ ಹೊರಗೆ ಇಣುಕಿ ಒಳಗೆ ಹೋಯಿತು. ನೋಡಿದವರೆಲ್ಲ ಬೇರೆ ಬೇರೆ ಹಕ್ಕಿ ನೋಡಿದರು.

"ಕಂದು ಬಣ್ಣ, ಒಣಗಿದ ಎಲೆ ಥರ," ಎಂದಳು ಅಜ್ಜಿ. "ರೆಕ್ಕೆ ಮೇಲೆ, ಬಾಲದ ಮೇಲೆ ಸಣ್ಣ ಸಣ್ಣ ಕಪ್ಪು ಗೆರೆ. ಹೆಬ್ಬೆರಳಿನಷ್ಟು. ಬಾಲ ನೆಟ್ಟಗೆ ಮೇಲೆ. ಚೆರ್ಕಾನ್."

"ಬಾಲ ಗಾಳಿಗೆ ಎದ್ದಿದೆ ಅಜ್ಜಿ," ಎಂದ ರೊಸಾಮೆಲ್.

"ಗಾಳಿ ಎಲ್ಲಿದೆಯೋ? ನಿನ್ನ ಟೋಪಿ ಅಲ್ಲಾಡ್ತಿಲ್ಲ."

"ಅಲ್ಲಿ ಮೇಲೆ ಇದೆ ಗಾಳಿ."

"ರಾಯದೀತೊಗೆ ಹುಬ್ಬಿನ ಮೇಲೆ ಕೇಸರಿ ಪಟ್ಟೆ ಇರುತ್ತೆ, ದಪ್ಪಗೆ," ಎಂದಳು ಉಬೆರ್ಲಿಂದಾ ಕಿಟಕಿಯಿಂದ. "ಬಾಲದ ತುದೀಲಿ ಮುಳ್ಳಿನಂಥ ಗರಿ. ಇದಕ್ಕೆಲ್ಲಿದೆ?"

"ಒಲೆ ಹೊಗೆಗೆ ಮಸಿಯಾಗಿರುತ್ತೆ ಅತ್ತಿಗೆ! ಮುಳ್ಳು ಸವೆದಿರುತ್ತೆ!"

"ಹಕ್ಕಿ ಏನು ನಿನ್ನ ಚಮಚನೇನೋ, ಸವೆಯೋಕೆ?"

ಹತ್ತಿ ನೋಡುವುದೇ ಸರಿಯೆಂದು ತೀರ್ಮಾನವಾಯಿತು. ಮೊದಲು ನೊಲ್ಬೆರ್ತೊ ಏಣಿ ಹತ್ತಿದ. ಅವನು ಹತ್ತಿದಷ್ಟೇ ಭಕ್ತಿಯಿಂದ ಏಣಿ ಕೆಳಗಿಳಿಯಿತು; ಮೆಟ್ಟಿಲು ಮುರಿದು, ಹೆಂಗಸರು ರೊಟ್ಟಿಗೆಂದು ತುರಿದಿಟ್ಟಿದ್ದ ಆಲೂಗಡ್ಡೆ ಹಿಟ್ಟಿನ ಕೊಪ್ಪರಿಗೆಯಲ್ಲಿ ಅವನು ಕುಳಿತುಬಿಟ್ಟ. ಎದ್ದಾಗ ಹಿಟ್ಟಿನಲ್ಲಿ ಅವನ ಹಿಂಭಾಗದ ಅಚ್ಚು ಎಷ್ಟು ಅಂದವಾಗಿ ಮೂಡಿತ್ತೆಂದರೆ ಅದನ್ನು ಕಲಸಲು ಹೆಂಗಸರಿಗೆ ಮನಸ್ಸಾಗಲಿಲ್ಲ. ಆಮೇಲೆ ದೊಮಿತಿಲಾ ಅಜ್ಜಿ ತಾನು ಹತ್ತುತ್ತೇನೆಂದು ಲಂಗ ಎತ್ತಿ ಕಟ್ಟಿದಳು. ಅವಳನ್ನು ಹಿಡಿದು ನಿಲ್ಲಿಸಲು ಮನೆ ಎಳೆಯುವಷ್ಟೇ ಜನ ಬೇಕಾಯಿತು.

"ಸಣಕಲಾಗಿರೋನು ರೊಸಾಮೆಲ್. ಅವನೇ ಹತ್ತಲಿ," ಎಂದರು ದೋನ್ ಎರಾಸ್ಮೊ.

"ಅವನಾ?" ಉಬೆರ್ಲಿಂದಾ ಹಣೆ ಚಚ್ಚಿಕೊಂಡಳು. "ಮನೆ ಅವನ್ದು, ಹೊರಡೋ ಆತುರ ಅವನ್ದು. ಆನೆ ಕೂತಿದ್ರೂ ರಾಯದೀತೊ ಅಂತಾನೆ."

"ಅದಕ್ಕೇ ಅಮ್ಮಾ, ಸಂತರ ಮೇಲೆ ಕೈಯಿಟ್ಟು ಹೇಳ್ಲಿ. ಸಂತ ಅಂತೋಣಿ ಕಳೆದದ್ದನ್ನ ಹುಡುಕಿ ಕೊಡೋರು. ನಿಜ ಕಳೆದುಹೋದ್ರೂ ಅವರೇ ಹುಡುಕ್ತಾರೆ."

ಉಳಿದ ಮೆಟ್ಟಿಲುಗಳ ಮೇಲೆ ದೇವರ ಹೆಸರು ಹೇಳುತ್ತ ರೊಸಾಮೆಲ್ ಹತ್ತಿದ. ತೂತಿನ ಮುಂದೆ ಮುಖ ತಂದ. ಒಳಗೆ ಒಣಹುಲ್ಲು, ಕೋಳಿಗರಿ, ಮತ್ತೆ ಅತ್ತಿಗೆಯ ಕಳೆದುಹೋಗಿದ್ದ ನೀಲಿ ಉಣ್ಣೆಯ ಎಳೆಗಳು. ಅದರ ಮುಂದೆ, ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿ, ಹಕ್ಕಿ. ಕಂದು ಮೈ. ಮಸುಕು ಹುಬ್ಬು. ಸೂಜಿಯಂಥ, ತುಸು ಬಾಗಿದ ಕೊಕ್ಕು. ಬಾಲ, ಪ್ರಾರ್ಥನೆಯಲ್ಲಿ 'ಎದ್ದು ನಿಲ್ಲಿ' ಎಂದಾಗ ಎದ್ದ ಮನುಷ್ಯನಂತೆ ನೆಟ್ಟಗೆ. ಅದನ್ನು ಚೆರ್ಕಾನ್ ಅಲ್ಲವೆನ್ನುವವನು ತನ್ನ ತಾಯಿಯನ್ನೂ ಗುರುತಿಸಲಾರ. ಅದು ಅವನನ್ನು ಒಮ್ಮೆ ಬಲಗಣ್ಣಿನಿಂದ ನೋಡಿತು, ತಲೆ ತಿರುಗಿಸಿ ಒಮ್ಮೆ ಎಡಗಣ್ಣಿನಿಂದ ನೋಡಿತು. ಎರಡು ಕಣ್ಣಿಗೂ ಅವನು ಹಿಡಿಸಲಿಲ್ಲ.

ರೊಸಾಮೆಲ್ ಇಳಿದು ಬಂದ. ಅತ್ತಿಗೆಯ ಕಡೆ ನೋಡಿದ. ಅವಳ ಕೈಯಲ್ಲಿ ಪೊರಕೆ ಇತ್ತು. ಅವನು ಸಂತ ಅಂತೋಣಿಯ ತಲೆಯ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ರಾಯದೀತೊ" ಎಂದ.

ಆಕಾಶ ಬೀಳಲಿಲ್ಲ. ಸಂತರು ಸುಮ್ಮನಿದ್ದರು, ಅವರದು ಮೊದಲಿಂದಲೂ ತಾಳ್ಮೆಯ ಸ್ವಭಾವ.

"ಸರಿ. ಸಂತರ ಮುಂದೆ ಹೇಳಿದಾನೆ," ಎಂದರು ದೋನ್ ಎರಾಸ್ಮೊ. "ಊರು ಕೇಳಿದೆ. ರಾಯದೀತೊ."

ಸರಿಯಾಗಿ ಆಗಲೇ ಹಕ್ಕಿ ತೂತಿನಿಂದ ಹಾರಿ ಮನೆಯ ನೆತ್ತಿಯ ಮೇಲೆ, ಊರಿಗೆಲ್ಲ ಕಾಣುವ ಹಾಗೆ ಕೂತಿತು. ಬಾಲ ಎತ್ತಿತು. ಗಂಟಲು ಉಬ್ಬಿಸಿತು. ಇನ್ನೇನು ಕೊಡ ಉರುಳಬೇಕು!

ರೊಸಾಮೆಲ್ ಒಂದೇ ನೆಗೆತಕ್ಕೆ ಅಂಗಳದ ಮೂಲೆಗೆ ಹಾರಿ, ದೋಣಿಗೆ ಹಾಕದೆ ಅಲ್ಲೇ ಇಟ್ಟುಕೊಂಡಿದ್ದ ಅಕಾರ್ಡಿಯನ್ ಎಳೆದುಕೊಂಡು, ಸಿಕ್ಕ ಸ್ವರಗಳನ್ನೆಲ್ಲ ಒಟ್ಟಿಗೇ ಒತ್ತಿದ. ಹಂದಿಯ ಬಾಲ ಬಾಗಿಲಿಗೆ ಸಿಕ್ಕಿಕೊಂಡಂಥ ಸದ್ದು ಎದ್ದಿತು. ಹೆಂಗಸರು ಕಿವಿ ಮುಚ್ಚಿದರು. ಎತ್ತುಗಳಿಗೆ ಕಿವಿ ಮುಚ್ಚಿಕೊಳ್ಳಲು ಕೈಯಿಲ್ಲ, ಅವು ಓಡಿದವು. ಯಾರೂ "ಹೋ" ಎನ್ನದೆ, ಯಾರೂ ಕೋಲೆತ್ತದೆ, ರೊಸಾಮೆಲ್‌ನ ಮನೆ ನೆಲ ಬಿಟ್ಟು ಹೊರಟಿತು. ಸೌದೆ ಕೊಟ್ಟಿಗೆ 'ಚಟ್' ಎಂದು ಅವನ ಗೋಡೆಯಿಂದ ಕಿತ್ತುಬಂದು, ಗೂಡಿನ ಸಮೇತ ಉಬೆರ್ಲಿಂದಾಳ ಗೋಡೆಗೆ ಅಂಟಿಕೊಂಡು ಉಳಿಯಿತು.

"ಹಗ್ಗ ಹಿಡೀರಿ!" ನೊಲ್ಬೆರ್ತೊ ಹಿಟ್ಟಿನ ಚಲ್ಲಣದಲ್ಲಿ ಎತ್ತುಗಳ ಹಿಂದೆ ಓಡಿದ.

ಎಲ್ಲರಿಗಿಂತ ಮೊದಲು ಹಗ್ಗ ಹಿಡಿದವಳು ಉಬೆರ್ಲಿಂದಾ. ಪೊರಕೆ ಎಸೆದು, ತೋಳು ಮಡಿಸಿ, ಹಿಮ್ಮಡಿ ಊರಿ, ಓಡುವ ಮನೆಯನ್ನು ಹಿಂದಿನಿಂದ ಎಳೆದು ನಿಧಾನಿಸಿದಳು. ನೀರಿನ ಅಂಚಿನವರೆಗೂ ಹಗ್ಗ ಬಿಡಲಿಲ್ಲ. ಮನೆ ತೇಲಿದ ಮೇಲೆ ದೋಣಿ ಹತ್ತಿ ಹುಟ್ಟನ್ನೂ ಹಾಕಿದಳು. "ನನ್ನ ಮೈದುನನ ಮನೆ. ನಾನು ಎಳೀದೆ ಇನ್ಯಾರು ಎಳೀಬೇಕು?" ಎಂದಳು. ರೊಸಾಮೆಲ್‌ನ ಎದೆಯಲ್ಲಿ ಏನೋ ಚುರುಕ್ಕೆಂದಿತು. ಆದರೂ ಅವನು ಹಿಂದಿರುಗಿ ನೋಡಲಿಲ್ಲ.

ಆಚೆ ದಡದಲ್ಲಿ ಎಲ್ಲ ಸಲೀಸಾಗಿ ನಡೆಯಿತು. ಮನೆ ಗುಡ್ಡ ಹತ್ತಿ, ಸ್ವಲ್ಪ ಎಡಕ್ಕೆ ವಾಲಿ, ಕೊಲ್ಲಿಗೆ ಮುಖ ಮಾಡಿ ಕೂತಿತು. ಗುಂಡಿಯ ಎಲೆ ತೆಗೆದಾಗ ಬಂದ ಹಬೆಗೆ ದೋನ್ ಎರಾಸ್ಮೊ ಕೂಡ ಪ್ರಾರ್ಥನೆ ಮೊಟಕುಗೊಳಿಸಿದರು. ಜನ ತಿಂದರು, ಸೇಬಿನ ಹೆಂಡ ಕುಡಿದರು, ಕುಣಿದರು. ನೊಲ್ಬೆರ್ತೊನ ಅಚ್ಚಿದ್ದ ರೊಟ್ಟಿ ಯಾರ ಪಾಲಿಗೆ ಬಂತೆಂದು ಕೊನೆಗೂ ತಿಳಿಯಲಿಲ್ಲ.

ಸಂಜೆಯ ಬೆಳಕಿನಲ್ಲಿ ರೊಸಾಮೆಲ್ ತನ್ನ ಮನೆಯೊಳಗೆ ಒಬ್ಬನೇ ಕೂತ. ಸೀನಿದ. ಯಾರೂ ಏನೂ ಅನ್ನಲಿಲ್ಲ. ಇನ್ನೊಮ್ಮೆ ಬೇಕೆಂದೇ ಸೀನಿದ. ಕೊಲ್ಲಿಯ ನೀರು ಮಾತ್ರ ಮೆಲ್ಲಗೆ ದಡ ನೆಕ್ಕುತ್ತಿತ್ತು. "ದೇವರೇ, ಸುಳ್ಳಿಗೆ ಕ್ಷಮೆಯಿರಲಿ, ಈ ಮೌನಕ್ಕೆ ಸ್ತೋತ್ರ," ಎಂದುಕೊಂಡು ಅಕಾರ್ಡಿಯನ್ ತೊಡೆಗೇರಿಸಿ ವಾಲ್ಟ್ಸ್ ಶುರುಮಾಡಿದ. ಕಾಲು ಭಾಗ ಕಳೆಯಿತು. ಅರ್ಧ ಬಂತು. ಅರ್ಧ ದಾಟಿತು! ಬದುಕಿನಲ್ಲಿ ಮೊದಲ ಸಲ ಅವನು ವಾಲ್ಟ್ಸಿನ ಆಚೆ ದಡ ನೋಡುತ್ತಿದ್ದ.

ಟಕ್ ಟಕ್.

ಅವನ ಬೆರಳು ಸ್ವರದ ಮೇಲೇ ಸತ್ತವು. ಬಾಗಿಲು ತೆರೆದ. ಉಬೆರ್ಲಿಂದಾ ನಿಂತಿದ್ದಳು. ಪಕ್ಕದಲ್ಲಿ ದೋನ್ ಎರಾಸ್ಮೊ, ಅವರ ಕಂಕುಳಲ್ಲಿ ಸಂತ ಅಂತೋಣಿ, ಹಿಂದೆ ನೊಲ್ಬೆರ್ತೊ.

"ಊಟ ಆದ್ಮೇಲೆ ದೋಣೀಲಿ ವಾಪಸ್ ಹೋಗಿದ್ದೆ ಕಣೋ," ಎಂದಳು ಅವಳು. ಕಣ್ಣು ಕೆಂಪಾಗಿತ್ತು. "ಗೋಡೆಗೆ ಕಿವಿ ಕೊಟ್ಟೆ. ಗೋಡೆ ಆಚೆ ಏನೂ ಇಲ್ಲ. ಕೆಮ್ಮಿಲ್ಲ, ಗೊರಕೆ ಇಲ್ಲ, ಒಂದು ತಪ್ಪು ಸ್ವರ ಇಲ್ಲ. ಮನೆ ಸತ್ತ ಹಾಗಿದೆ. ನಂಗೆ ಆಗಲ್ಲ. ನಾನೂ ಬರ್ತೀನಿ."

"ಎಲ್ಲಿಗೆ?"

"ಇಲ್ಲಿಗೆ. ನಿಮ್ಮಣ್ಣನ ಪಾಲಿನ ಜಾಗ ಇದೇ ಅಲ್ವಾ, ನಿನ್ನ ಗೋಡೆ ಪಕ್ಕ? ನಾಳೆಗೂ ಉಬ್ಬರ ಇದೆ. ಎತ್ತುಗಳಿಗಿನ್ನೂ ನೊಗ ಬಿಚ್ಚಿಲ್ಲ. ಊರು ಒಪ್ಕೊಂಡಿದೆ. ನಿನ್ನ ಮಿಂಗಾಕ್ಕೆ ಮೊದಲು ಹಗ್ಗ ಹಿಡಿದೋಳು ನಾನು. ನನ್ನ ಮಿಂಗಾಕ್ಕೆ ಮೊದಲು ನೀನು ಹಿಡೀಬೇಕು."

ರೊಸಾಮೆಲ್‌ಗೆ ಗುಡ್ಡವೇ ತೇಲಿದಂತಾಯಿತು. ಮುಳುಗುವವನ ಕೈಗೆ ಥಟ್ಟನೆ ಒಂದು ಹಕ್ಕಿ ಸಿಕ್ಕಿತು.

"ಆಗಲ್ಲ ಅತ್ತಿಗೆ! ನೀವು ಬರೋ ಹಾಗಿಲ್ಲ!" ಎಂದು ಅವನು ಹೆಚ್ಚುಕಡಿಮೆ ಹಾಡಿದ. "ಕೊಟ್ಟಿಗೆ ಈಗ ನಿಮ್ಮ ಗೋಡೇಲಿದೆ. ಗೂಡು ಅದ್ರಲ್ಲಿದೆ. ಚೆರ್ಕಾನ್ ಗೂಡಿರೋ ಮನೆ ಕದಲಬಾರದು! ಮಾತೆ ಮರಿಯಳ ಮಾತು!"

"ಚೆರ್ಕಾನ್ ಎಲ್ಲಿದೆಯೋ?" ಉಬೆರ್ಲಿಂದಾ ಬೆರಗಾದಳು. "ಅದು ರಾಯದೀತೊ. ನಂಗೇ ತಪ್ಪಾಗಿದ್ದು. ನೀನು ಗೇಣು ದೂರದಿಂದ ನೋಡಿ ಸಂತರ ಮೇಲೆ ಕೈಯಿಟ್ಟು ಹೇಳಿದ್ದೀಯ."

"ನಾನೂ ಕೇಳಿದೀನಿ," ಎಂದ ನೊಲ್ಬೆರ್ತೊ. ನಾಳೆಯೂ ಊಟವಿದೆಯೆಂಬ ಶಾಂತಿ ಅವನ ಮುಖದಲ್ಲಿತ್ತು.

"ಅದು… ಬಾಲ ನೆಟ್ಟಗಿತ್ತು," ಎಂದ ರೊಸಾಮೆಲ್. "ಈಗ ಯೋಚ್ನೆ ಮಾಡಿದ್ರೆ… ಗಾಳಿನೂ ಇರ್ಲಿಲ್ಲ."

ದೋನ್ ಎರಾಸ್ಮೊ ಅವನ ಭುಜದ ಮೇಲೆ ಮೃದುವಾಗಿ ಕೈಯಿಟ್ಟರು. "ನೋಡಪ್ಪ ರೊಸಾಮೆಲ್. ಮನುಷ್ಯ ಅಂದ್ಮೇಲೆ ತಪ್ಪು ಮಾಡ್ತಾನೆ, ತಪ್ಪೊಪ್ಕೊಂಡ್ರೆ ದೇವರು ಕ್ಷಮಿಸ್ತಾನೆ. ಅದು ಚೆರ್ಕಾನೇ ಆಗಿದ್ರೆ ಹೇಳಿಬಿಡು. ಹಾಗಾದ್ರೆ ಇವತ್ತು ಬೆಳಿಗ್ಗೆ ಗೂಡು ನಿನ್ನ ಗೋಡೆಗೂ ತಾಗಿತ್ತಲ್ಲ, ನಿನ್ನ ಮನೇನೂ ಕದಲಿಸಬಾರದಾಗಿತ್ತು. ಬೇಜಾರಿಲ್ಲ. ನಾಳೆ ಊರೆಲ್ಲ ಸೇರಿ ನಿನ್ನ ಮನೇನ ಮತ್ತೆ ಅತ್ತಿಗೆ ಪಕ್ಕಕ್ಕೇ ಎಳೆದು, ಇದ್ದ ಜಾಗದಲ್ಲೇ ಕೂರಿಸ್ತೀವಿ. ಎರಡು ಮನೆನೂ ಅಲ್ಲೇ ಇರ್ತವೆ, ಲೋಕ ಮುಗಿಯೋ ತನಕ."

ಅವರು ಪ್ರತಿಮೆಯನ್ನು ಮುಂದೆ ಹಿಡಿದರು. ಪೊರೆ ಬಂದ ಅವರ ಕಣ್ಣಿನಲ್ಲಿ ಸಂಜೆಯ ಸೂರ್ಯ ತಣ್ಣಗೆ ಹೊಳೆಯುತ್ತಿದ್ದ.

"ಈಗ ಹೇಳು ಮಗಾ. ಯಾವ ಹಕ್ಕಿ?"

ರೊಸಾಮೆಲ್ ಸಂತರನ್ನು ನೋಡಿದ. ಅತ್ತಿಗೆಯನ್ನು ನೋಡಿದ. ನಿಜ ಹೇಳಿದರೆ ಅವಳ ಗೋಡೆ, ಸುಳ್ಳು ಹೇಳಿದರೆ ಅವಳ ಗೋಡೆ. ಸುಳ್ಳಿನಲ್ಲಿ ಕನಿಷ್ಠ ಪಕ್ಷ ಕೊಲ್ಲಿಯ ನೋಟವಾದರೂ ಚೆನ್ನಾಗಿತ್ತು.

"ರಾಯದೀತೊ," ಎಂದ.

ಮರುದಿನ ಬೆಳಿಗ್ಗೆ ಎಲ್ಲರ ಮುಂದೆ ಹಗ್ಗ ಹೆಗಲಿಗೆ ಹಾಕಿಕೊಂಡು ರೊಸಾಮೆಲ್ ಅತ್ತಿಗೆಯ ಮನೆ ಎಳೆದ. ಮನೆ ಕದಲಿತು, ಕೊಟ್ಟಿಗೆಯೂ ಕದಲಿತು. ತೂತಿನಿಂದ ಹಕ್ಕಿ ಹೊರಬಂದು, ಯಾವ ಜಾಗವೂ ಹಿಡಿಸದೆ, ನೇರ ಅವನ ಟೋಪಿಯ ಮೇಲೆ ಕೂತು, ಬಾಲ ನೆಟ್ಟಗೆ ಎತ್ತಿ, ಗಂಟಲು ಉಬ್ಬಿಸಿ, ಗುಳಗುಳ ಗುಳಗುಳ ಎಂದು ಇಡೀ ಹಾಡನ್ನು ಮೊದಲಿಂದ ಕೊನೆಯವರೆಗೆ ಹಾಡಿತು. ಊರೆಲ್ಲ ಬಹಳ ಆಸಕ್ತಿಯಿಂದ ಹಗ್ಗದ ಗಂಟುಗಳನ್ನು ನೋಡತೊಡಗಿತು. ದೊಮಿತಿಲಾ ಅಜ್ಜಿ ಮಾತ್ರ ಶಿಲುಬೆಯ ಗುರುತು ಹಾಕಿಕೊಂಡಳು.

"ರಾಯದೀತೊ ಇವತ್ತು ಬಹಳ ಚೆನ್ನಾಗಿ ಹಾಡ್ತಿದೆ," ಎಂದರು ದೋನ್ ಎರಾಸ್ಮೊ.

ಎಳೆಯುತ್ತಿದ್ದ ಮನೆಯ ಕಿಟಕಿಯಿಂದ ಉಬೆರ್ಲಿಂದಾ ಅರ್ಧ ಮೈ ಹೊರಹಾಕಿ ಪೊರಕೆಯ ಹಿಡಿಯಿಂದ ಗೋಡೆ ತಟ್ಟಿದಳು.

"ಕೇಳಿಸ್ಕೊಂಡ್ಯಾ ರೊಸಾಮೆಲ್? ಒಂದೇ ಒಂದು ತಪ್ಪಿಲ್ಲ. ನೋಡಿ ಕಲಿ!"